ನಾಗರಬಾವಿಯ ಐಸ್‌ಕ್ರೀಮ್ ಪೆಟ್ಟಿಗೆಯಲ್ಲಿ ಕಡಲ ಕೆಸರು

ಕಳೆದ ತಿಂಗಳು ನಾಗರಬಾವಿ ಎರಡನೇ ಹಂತದಲ್ಲಿ ರಾಜಕಾಲುವೆಯ ಹೂಳೆತ್ತುತ್ತಿದ್ದರು. ಜೆಸಿಬಿ ಒಂದು ಬಕೆಟ್ ಕಪ್ಪು ಕೆಸರನ್ನು ಎತ್ತಿ ರಸ್ತೆಯಂಚಿಗೆ ಸುರಿದಾಗ ದಾರಿಹೋಕರೆಲ್ಲ ಮೂಗು ಮುಚ್ಚಿಕೊಂಡು ಆಚೆ ದಾಟಿದರು. ನಾನೊಬ್ಬಳು ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಚೆನ್ನಾಗಿ ಉಸಿರೆಳೆದುಕೊಂಡೆ. ಕೆಲಸ ನೋಡಿಕೊಳ್ಳುತ್ತಿದ್ದ ಮೇಸ್ತ್ರಿ ಹತ್ತಿರ ಬಂದು, "ಏನಾದ್ರೂ ಬಿದ್ದೋಯ್ತಾ ಮೇಡಂ?" ಅಂದ. "ಇಲ್ಲಪ್ಪ, ವಾಸನೆ ನೋಡ್ತಾ ಇದೀನಿ" ಅಂದೆ. ಆಮೇಲೆ ಅವನು ನನ್ನನ್ನು ಮಾತಾಡಿಸುವ ಸಾಹಸ ಮಾಡಲಿಲ್ಲ.

ಕೊಳೆತ ಮೊಟ್ಟೆಯಂಥ ಆ ವಾಸನೆ ನಿಮಗೆ ಹೊಟ್ಟೆ ತೊಳಸಬಹುದು. ನನಗೆ ಅದು ಒಂದಿಡೀ ವರ್ಷದ ವಾಸನೆ. ಸುನಾಮಿ ಬಂದುಹೋಗಿ ಎರಡು ವರ್ಷವಾಗಿತ್ತು. ನಾನು ಆಗ ಪಕ್ಕದ ವಿಶ್ವವಿದ್ಯಾಲಯದ ದೊಡ್ಡ ಕ್ಯಾಂಪಸ್ಸಿನಲ್ಲಿ ಭೂವಿಜ್ಞಾನದ ಸಂಶೋಧನಾ ವಿದ್ಯಾರ್ಥಿನಿ. ಸಮುದ್ರ ಹೀಗೆ ಮುಂಚೆಯೂ ನುಗ್ಗಿ ಬಂದಿತ್ತಾ, ಬಂದಿದ್ದರೆ ಎಷ್ಟು ದೂರ ಒಳಗೆ ಬಂದಿತ್ತು ಎಂದು ಎಲ್ಲರೂ ಕೇಳುತ್ತಿದ್ದ ಕಾಲ ಅದು. ಉತ್ತರವಿರುವುದು ಅಳಿವೆಗಳ ಕೆಸರಿನಲ್ಲಿ. ನದಿ ಕಡಲು ಸೇರುವ ಕಡೆ ಕೆಸರು ವರ್ಷದ ಮೇಲೆ ವರ್ಷ ಸದ್ದಿಲ್ಲದೆ ಕೂರುತ್ತಾ ಹೋಗುತ್ತದೆ. ಕಡಲಿನ ಮಟ್ಟ ನಿಧಾನಕ್ಕೆ ಏರಿದ್ದರೆ, ಇಳಿದಿದ್ದರೆ, ಅದರೊಳಗಿನ ಕಣ್ಣಿಗೆ ಕಾಣದಷ್ಟು ಸಣ್ಣ ಚಿಪ್ಪುಗಳು ಬದಲಾಗುತ್ತವೆ. ಕಡಲು ಒಂದೇ ಏಟಿಗೆ ನುಗ್ಗಿ ಬಂದಿದ್ದರೆ ಕೆಸರಿನ ನಡುವೆ ಒಂದು ಪದರ ಮರಳು ಬಿಟ್ಟು ಹೋಗಿರುತ್ತದೆ. ಆ ಪದರ ಹುಡುಕುವುದು ನನ್ನ ಕೆಲಸ.

ನಾನು ಹಿರಿಯೂರಿನ ಕಡೆಯವಳು. ಡಿಗ್ರಿ ಮುಗಿಯುವ ತನಕ ಸಮುದ್ರವನ್ನೇ ನೋಡಿರಲಿಲ್ಲ. ನಮ್ಮ ಸೋದರಮಾವ ಸಿಕ್ಕಾಗಲೆಲ್ಲ ಕಾಡಿಸುತ್ತಿದ್ದ: "ಸಮುದ್ರ ಓದೋಕೆ ಯಾರಾದ್ರೂ ಬೆಂಗಳೂರಿಗೆ ಹೋಗ್ತಾರೇನೇ ವೀಣಾ? ಅಲ್ಲಿ ಕುಡಿಯೋಕೇ ನೀರಿಲ್ಲ."

ನಾನು ಬಾಡಿಗೆಗಿದ್ದದ್ದು ಶಾಂತಕ್ಕನ ಮನೆಯ ಮಹಡಿಯ ಕೋಣೆಯಲ್ಲಿ. ಶಾಂತಕ್ಕ ಗದಗಿನ ಕಡೆಯವರು, ಮದುವೆಯಾಗಿ ಬೆಂಗಳೂರಿಗೆ ಬಂದು ಇಲ್ಲೇ ನೆಲೆಯಾದವರು. ಹೊಸಹಳ್ಳಿಯಲ್ಲಿ ಅವರ ಯಜಮಾನರದ್ದೊಂದು ಸೋಡಾ, ಐಸ್‌ಕ್ರೀಮ್ ಅಂಗಡಿ ಇತ್ತು. ಅವರು ತೀರಿಕೊಂಡ ಮೇಲೆ ಅಂಗಡಿ ಮುಚ್ಚಿ, ಶಾಂತಕ್ಕ ಮನೆಯಲ್ಲೇ ಜೋಳದ ರೊಟ್ಟಿ ತಟ್ಟಿ ಮಾರಲು ಶುರುಮಾಡಿದ್ದರು. ನಾಗರಬಾವಿಯ ಬಾಡಿಗೆ ರೂಮುಗಳಲ್ಲಿದ್ದ ಕಾನೂನು ಓದುವ ಹುಡುಗರಿಗೆ, ಬ್ಯಾಡರಹಳ್ಳಿಯಲ್ಲಿ ಕಟ್ಟಡದ ಕೆಲಸಕ್ಕಿದ್ದ ಅವರ ಸೀಮೆಯ ಜನಕ್ಕೆ ಅವರ ರೊಟ್ಟಿಯೇ ಊರು. ನಾನು ಬೆಳಿಗ್ಗೆ ಏಳುತ್ತಿದ್ದದ್ದು ಅಲಾರಂಗಲ್ಲ, ಕೆಳಗಿನಿಂದ ಬರುತ್ತಿದ್ದ ಪಟಪಟ ಸದ್ದಿಗೆ.

ಮನೆ ನೋಡಲು ಹೋದ ದಿನ ಅವರು ಕೇಳಿದ್ದರು. "ಏನ ಓದತಿ ತಂಗಿ?"

"ಕೆಸರು ಓದ್ತೀನಿ ಶಾಂತಕ್ಕ."

"ಕೆಸರ ಓದಾಕ ಇಷ್ಟ ದೂರ ಯಾಕ ಬಂದಿ? ನಮ್ಮೂರಾಗ ಎಮ್ಮಿ ದಿನಾ ಅದನ್ನ ಓದತಿದ್ದೂ" ಅಂದರು. ನನಗೆ ಸಿಟ್ಟು ಬೇಗ ಬರುತ್ತದೆ, ಆದರೆ ಅವತ್ತು ನಗು ಬಂತು. ಆ ಸಂಜೆಯೇ ಸಾಮಾನು ತಂದೆ.

ಫೆಬ್ರವರಿಯಲ್ಲಿ ಉತ್ತರ ಕನ್ನಡದ ಒಂದು ಅಳಿವೆಗೆ ಹೋಗಿ ಮೂರು ಕಡೆ ಕೆಸರಿನ ಮಾದರಿ ತೆಗೆದೆ. ಅಲ್ಲಿ ಕಡಲಿನ ಉಪ್ಪುನೀರು ಬಂದುಹೋಗುವ ಗದ್ದೆಗಳಿಗೆ ಗಜನಿ ಅನ್ನುತ್ತಾರೆ. ಗಜನಿಯಲ್ಲಿ ಮೊಣಕಾಲುದ್ದ ಹುಗಿದುಕೊಂಡು ನಿಂತು, ಪ್ಲಾಸ್ಟಿಕ್ ಪೈಪನ್ನು ಮರದ ಕೊಡತಿಯಿಂದ ಬಡಿದು ನೆಲಕ್ಕಿಳಿಸಿ, ಆಮೇಲೆ ಕೆಸರಿನ ಸಮೇತ ಹಾಗೇ ಮೇಲೆಳೆಯಬೇಕು. ಎರಡೂ ತುದಿಗೆ ಮುಚ್ಚಳ ಹಾಕಿ ಟೇಪು ಸುತ್ತಿ, ಮಾರ್ಕರ್ ಪೆನ್ನಿನಲ್ಲಿ ಬಾಣದ ಗುರುತು ಎಳೆದು 'ಮೇಲೆ' ಎಂದು ಬರೆಯಬೇಕು. ನಮ್ಮ ಕಸುಬಿನಲ್ಲಿ ಆ ಬಾಣವೇ ಎಲ್ಲ. ಮೇಲಿರುವುದು ಇತ್ತೀಚಿನದು, ಕೆಳಗಿರುವುದು ಹಳೆಯದು. ಬಾಣ ಹೋದರೆ ಮೊದಲು ಏನಾಯಿತು, ಆಮೇಲೆ ಏನಾಯಿತು ಎಂದು ಹೇಳಲು ದಾರಿಯಿಲ್ಲ.

ವಾಪಸು ಬಂದಾಗ ನಮ್ಮ ವಿಭಾಗದ ಶೀತಕೋಣೆಯ ಛಾವಣಿ ಒಡೆದು ರಿಪೇರಿ ನಡೆಯುತ್ತಿತ್ತು. ಪೈಪು ಸೀಳುವ ಯಂತ್ರವೂ ಒಳಗೇ ಸಿಕ್ಕಿಕೊಂಡಿತ್ತು. ನನ್ನ ಗೈಡ್ ಲಲಿತಾ ಮೇಡಂ ಮೈಸೂರಿನವರು, ಒಂದು ಮಾತು ಸಾಕಾದ ಕಡೆ ಎರಡು ಆಡುವವರಲ್ಲ. "ತಣ್ಣಗಿರೋ ಜಾಗ ಹುಡುಕಮ್ಮ. ಹೆಪ್ಪುಗಟ್ಟಬಾರದು, ಕೊಳೀಲೂಬಾರದು" ಅಂದು ಕ್ಲಾಸಿಗೆ ಹೊರಟುಹೋದರು.

ಜಾಗ ಕೊಟ್ಟದ್ದು ಶಾಂತಕ್ಕ. ಅಂಗಡಿಯ ಐಸ್‌ಕ್ರೀಮ್ ಇಡುತ್ತಿದ್ದ ಉದ್ದನೆಯ ಪೆಟ್ಟಿಗೆ ಹಿತ್ತಲ ಶೆಡ್ಡಿನಲ್ಲಿ ಸುಮ್ಮನೆ ಬಿದ್ದಿತ್ತು. ಅದನ್ನು ಒರೆಸಿ, ವೈರು ಸರಿಮಾಡಿಸಿ, ನಾನು ಹೇಳಿದಷ್ಟೇ ತಣ್ಣಗಿರುವ ಹಾಗೆ ತಿರುವಿ ಇಟ್ಟುಕೊಟ್ಟರು. ಪೈಪುಗಳನ್ನು ಕ್ಯಾಂಪಸ್ಸಿನಿಂದ ಆಟೋದಲ್ಲಿ ತಂದೆ. ಆಟೋದವನು ಕನ್ನಡಿಯಲ್ಲಿ ನೋಡುತ್ತಾ, "ಬೋರ್ ಕೊರೆಸಿದ್ರಾ ಮೇಡಂ? ನೀರ್ ಬಂತಾ?" ಅಂದ. "ಸಮುದ್ರ ಬಂತು" ಅಂದೆ. "ಯಾವ ಏರಿಯಾ ಮೇಡಂ ಅದು?" ಅಂತ ಪಾಪ ಗಂಭೀರವಾಗಿಯೇ ಕೇಳಿದ.

ಆ ಬೇಸಿಗೆಯಲ್ಲಿ ಕರೆಂಟು ಹೊತ್ತಲ್ಲದ ಹೊತ್ತಿನಲ್ಲಿ ಹೋಗುತ್ತಿತ್ತು. ನಾನು ಕ್ಯಾಂಪಸ್ಸಿನಲ್ಲಿರುತ್ತಿದ್ದೆ, ಪೆಟ್ಟಿಗೆ ಇಲ್ಲಿ. ಕರೆಂಟು ಹೋದ ಕೂಡಲೇ ಶಾಂತಕ್ಕ ಒಲೆ ಬಿಟ್ಟು ಎದ್ದು, ಗೋಣಿಚೀಲ ನೆನೆಸಿ ಪೆಟ್ಟಿಗೆಯ ಮೇಲೆ ಹೊದಿಸುತ್ತಿದ್ದರು. ಒಂದು ಮಧ್ಯಾಹ್ನ ನಾನು ಓಡೋಡಿ ಬಂದಾಗ ಅವರು ಫೋನಿನಲ್ಲಿ ಲೈನ್‌ಮನ್‌ಗೆ ಗದರುತ್ತಿದ್ದರು. "ನಿನಗೇನ ಗೊತ್ತೋ ತಮ್ಮಾ, ಇಲ್ಲೆ ನಮ್ಮ ಹುಡುಗೀದು ಸಮುದ್ರ ಕೆಡಾಕತ್ತೈತಿ!" ಆ ಕಡೆಯವನು ಏನಂದನೋ ಗೊತ್ತಿಲ್ಲ, ಸ್ವಲ್ಪ ಹೊತ್ತಿಗೆ ಕರೆಂಟು ಬಂತು.

ಮಳೆಗಾಲ ಹಿಡಿಯಿತು. ರಿಂಗ್ ರಸ್ತೆಯಲ್ಲಿ ನೀರು ನಿಂತು ವಿಜಯನಗರದಿಂದ ಬರುವ ಬಸ್ಸುಗಳು ಗಂಟೆಗಟ್ಟಲೆ ತಡವಾಗುತ್ತಿದ್ದ ಅಂಥದೊಂದು ಸಂಜೆ, ಅಳಿವೆಯಲ್ಲಿ ನನಗೆ ದೋಣಿ ನಡೆಸಿಕೊಟ್ಟಿದ್ದವರು ಫೋನ್ ಮಾಡಿದರು. ನಾನು ಮೂರನೆಯ ಪೈಪು ಇಳಿಸಿದ್ದ ಗಜನಿಗೆ ಯಾರೋ ಲಾರಿಗಟ್ಟಲೆ ಕೆಂಪುಮಣ್ಣು ತುಂಬಿ ಮುಚ್ಚಿಬಿಟ್ಟಿದ್ದಾರಂತೆ, ಕಟ್ಟಡ ಏಳುತ್ತದಂತೆ. ಇನ್ನೊಮ್ಮೆ ಹೋಗಿ ತೆಗೆಯುವ ಮಾತೇ ಇರಲಿಲ್ಲ. ಮೂರರಲ್ಲಿ ಅದೇ ಸಮುದ್ರದಿಂದ ಬಹಳ ಒಳಗಿನ ಜಾಗ. ಅಲ್ಲಿ ಮರಳು ಸಿಕ್ಕಿದರೆ ಮಾತ್ರ ಕಡಲು ಅಲ್ಲಿವರೆಗೆ ಬಂದಿತ್ತು ಎನ್ನಬಹುದಿತ್ತು. ಅದಿಲ್ಲದೆ ನನ್ನ ಪ್ರಬಂಧವೇ ಇಲ್ಲ. ಇದನ್ನೆಲ್ಲ ಶಾಂತಕ್ಕನ ಮುಂದೆ ಹೇಳಿಕೊಂಡು ಅತ್ತೆ. ಅವರು ಪೆಟ್ಟಿಗೆಯ ಬಾಗಿಲು ತೆರೆದು ಆ ಪೈಪಿನ ಮೇಲೆ ಕೈಯಿಟ್ಟರು. "ಹಂಗಾದ್ರ ಆ ಹೊಲ ಈಗ ನಮ್ಮನ್ಯಾಗ ಐತಿ ಅನ್ನು" ಅಂದರು. ಬಹಳ ಗೌರವದಿಂದ ಅಂದರು.

ಆ ಗೌರವವೇ ಅಕ್ಟೋಬರಿನಲ್ಲಿ ನನ್ನ ಬುಡಕ್ಕೆ ಬಂತು.

ಆಯುಧಪೂಜೆಯ ದಿನ ನಾನು ವಿಭಾಗಕ್ಕೆ ಹೋಗಿದ್ದೆ. ಅಲ್ಲಿ ಮೈಕ್ರೊಸ್ಕೋಪುಗಳಿಗೆಲ್ಲ ಕುಂಕುಮ ಇಟ್ಟು, ಪುರಿ ಹಂಚಿ, ಕುಂಬಳಕಾಯಿ ಒಡೆದು ಸಂಜೆಗೆ ಮನೆಗೆ ಬಂದೆ. ಶಾಂತಕ್ಕನ ಕಡೆ ಅದಕ್ಕೆ ಖಂಡೇಪೂಜೆ ಅನ್ನುತ್ತಾರೆ. ಮನೆಯ ಹತಾರಗಳನ್ನೆಲ್ಲ ತಿಕ್ಕಿ ತೊಳೆದು ಪೂಜೆಗಿಡುವುದು. ಪಡಸಾಲೆಯಲ್ಲಿ ರೊಟ್ಟಿಯ ಹಂಚು, ಹಿಟ್ಟು ನಾದುವ ಕೊಣಮಿಗೆ, ಗ್ಯಾಸ್ ಒಲೆ, ಈಳಿಗೆಮಣೆ ಸಾಲಾಗಿ ಕೂತಿದ್ದವು. ಅವುಗಳ ನಡುವೆ ಗೋಡೆಗೆ ಒರಗಿ ನಿಂತಿದ್ದವು ನನ್ನ ಮೂರು ಪೈಪುಗಳು. ಫಳಫಳ ಹೊಳೆಯುತ್ತಿದ್ದವು. ಮೈತುಂಬ ಮೂರೆಳೆ ವಿಭೂತಿ, ಕೊರಳಿಗೆ ಚೆಂಡುಹೂವಿನ ಹಾರ.

ನಾನು ಬಾಣದ ಗುರುತು ಹುಡುಕಿದೆ. ಒಂದರ ಮೇಲೂ ಇರಲಿಲ್ಲ.

"ಶಾಂತಕ್ಕ, ಇದರ ಮೇಲೆ ಬರೆದಿದ್ನಲ್ಲ?"

"ಅದೇನೋ ಕರೀ ಶಾಯಿ ಹತ್ತಿತ್ತವ್ವ, ನೀರಿಗೆ ಹೋಗ್ಲಿಲ್ಲ. ಸೀಮೆಎಣ್ಣಿ ಹಚ್ಚಿ ತಿಕ್ಕೀನಿ. ಆ ಹೊಲಸು ಟೇಪೂ ಕಿತ್ತು ಹೊಸಾದು ಸುತ್ತೀನಿ ನೋಡು. ಹತಾರ ಅಂದ್ರ ಹಿಂಗಿರಬೇಕು."

ಅವರ ಮುಖದಲ್ಲಿ ಎಂಥ ಸಂತೋಷವಿತ್ತೆಂದರೆ ನನಗೆ ಬೈಯಲು ಬಾಯಿ ಬರಲಿಲ್ಲ. ಅಲ್ಲೇ ನೆಲದ ಮೇಲೆ ಕೂತೆ. ಬಾಣದ ವಿಷಯ ಬಿಡಿಸಿ ಹೇಳಿದೆ. ಹೇಳುತ್ತಾ ಹೋದಂತೆ ಅವರ ಮುಖ ಇಳಿಯುತ್ತಾ ಬಂತು. ಕೈಯಲ್ಲಿದ್ದ ಆರತಿ ತಟ್ಟೆ ಕೆಳಗಿಟ್ಟು, "ಯಾವ ಕಡೆ ಮ್ಯಾಲ ಇತ್ತು ಅಂತ ನನಗೂ ನೆನಪಿಲ್ಲಲ್ಲ ಯವ್ವಾ" ಅಂದರು. ಮರುದಿನ ದಸರೆ. ಮಹಡಿ ಹತ್ತಿ ಬಂದು ಬಾಗಿಲಲ್ಲಿ ನಿಂತು ಬನ್ನಿ ಎಲೆ ನೀಡಿದರು. "ಬನ್ನಿ ತೊಗೊಂಡು ಬಂಗಾರದಂಗ ಇರೂಣು" ಅನ್ನುವುದು ಅವರ ಕಡೆಯ ಪದ್ಧತಿ. ಎಲೆ ತಗೊಂಡು ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಸಿಟ್ಟು ಮಾತ್ರ ಇಳಿದಿರಲಿಲ್ಲ.

ಮೇಡಂ ಬಳಿ ಹೋಗಿ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು. ವಿಭೂತಿಯ ಭಾಗ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು, ನಗು ತಡೆಯಲು ಎಂದು ಆಮೇಲೆ ಗೊತ್ತಾಯಿತು.

"ಅಳಬೇಡ. ಬಾಣ ನೀನು ಬರೆದದ್ದು. ಕೆಸರು ತಾನೇ ಏನೋ ಬರ್ಕೊಂಡಿರುತ್ತೆ. ಸೀಳಿ ನೋಡೋಣ."

ಅಷ್ಟರಲ್ಲಿ ಶೀತಕೋಣೆಯ ರಿಪೇರಿ ಮುಗಿದು ಪೈಪು ಸೀಳುವ ಯಂತ್ರ ಹೊರಬಂದಿತ್ತು. ಯಾವ ಪೈಪು ಯಾವ ಜಾಗದ್ದು ಎನ್ನುವುದು ಉದ್ದ ನೋಡಿದರೇ ತಿಳಿಯುತ್ತಿತ್ತು, ಆ ಮಟ್ಟಿಗೆ ಬಚಾವು. ಮೊದಲ ಎರಡನ್ನು ಸೀಳಿದ ಕೂಡಲೇ ತಲೆ ಯಾವುದು ಬುಡ ಯಾವುದು ಎಂದು ಗೊತ್ತಾಯಿತು. ಒಂದು ತುದಿಯಲ್ಲಿ ಹುಲ್ಲಿನ ಬುಡಗಳು, ತೆಳ್ಳನೆಯ ಕೆಸರು, ಇನ್ನೊಂದು ತುದಿಯಲ್ಲಿ ಗಟ್ಟಿ ಜೇಡಿಮಣ್ಣು. ಮೂರನೆಯದು ಸತಾಯಿಸಿತು. ಎರಡೂ ತುದಿಗೆ ಒಂದೇ ಬೂದು ಕೆಸರು, ಒಂದೇ ಹದ. ಆದರೆ ನಡುವೆ, ಮೂರು ಬೆರಳು ದಪ್ಪಕ್ಕೆ, ಬಿಳಿ ಕಡಲಮರಳು. ಇಷ್ಟು ದಿನ ಹುಡುಕಿದ್ದು ಎದುರಿಗಿತ್ತು.

ಮರಳಿನ ಒಂದು ಅಂಚು ಚಾಕುವಿನಲ್ಲಿ ಕೊಯ್ದಷ್ಟು ನೇರವಾಗಿತ್ತು, ದಪ್ಪ ಕಾಳಿನ ಮರಳು. ಇನ್ನೊಂದು ಅಂಚಿನ ಕಡೆ ಹೋದಂತೆ ಸಣ್ಣಗಾಗುತ್ತಾ ಕೆಸರಿನಲ್ಲಿ ಕರಗಿತ್ತು. ನಾನು ಕುಣಿದುಬಿಟ್ಟೆ. "ಸಿಕ್ತು ಮೇಡಂ. ಅಲೆ ನುಗ್ಗಿದಾಗ ಕೆಳಗೆ ಕೊರೆದು ದಪ್ಪ ಮರಳು ಮೊದಲು ಕೂರುತ್ತೆ, ಸಣ್ಣದು ಆಮೇಲೆ. ಅಂದ್ರೆ ಈ ಕಡೆನೇ ಬುಡ."

"ಇದನ್ನ ಅಲೆನೇ ತಂದಿದ್ದು ಅಂತ ಹೆಂಗ್ ಹೇಳ್ತೀಯ?"

"ಬುಡದಲ್ಲಿ ದಪ್ಪ ಮರಳಿದೆಯಲ್ಲ ಮೇಡಂ."

"ಅದೇ ಬುಡ ಅಂತ ಹೆಂಗ್ ಗೊತ್ತು?"

ನಾನು ಮತ್ತೆ ದಪ್ಪ ಮರಳಿನ ಕಡೆಗೇ ಬೆರಳು ತೋರಿಸಿದೆ. "ಗಾಣದೆತ್ತು ಸುತ್ತಿದ ಹಾಗಾಯ್ತು ಕಣಮ್ಮ ನಿಂದು" ಅಂದರು ಮೇಡಂ. "ಮರಳನ್ನ ಬಿಟ್ಟು ಬೇರೆ ಸಾಕ್ಷಿ ತಾ."

ನವೆಂಬರ್, ಡಿಸೆಂಬರ್ ಎರಡೂ ತಿಂಗಳು ಆ ಕೆಸರನ್ನು ಕೆರೆದೆ. ತೆಳುವಾದ ಚಾಕು, ಒದ್ದೆ ಕುಂಚ, ಭೂತಗನ್ನಡಿ. ಮೇಡಂ ಹೇಳಿದ್ದ ಕ್ರಮ ಒಂದೇ, ದಿನಕ್ಕೆ ಒಂದು ಬೆರಳಗಲಕ್ಕಿಂತ ಹೆಚ್ಚು ಮುಟ್ಟಬಾರದು. ಬೆನ್ನು ಹಿಡಿದುಕೊಳ್ಳುತ್ತಿತ್ತು. ಸಂಜೆ ಮನೆಗೆ ಬಂದರೆ ಶಾಂತಕ್ಕ ಏನೂ ಕೇಳದೆ ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ತಟ್ಟೆಗೆ ಹಾಕಿ ಮುಂದಿಡುತ್ತಿದ್ದರು. ಮೊದಮೊದಲು ನಾನೂ ಮಾತಿಲ್ಲದೆ ತಿಂದು ಏಳುತ್ತಿದ್ದೆ. ಎಷ್ಟು ದಿನ ಅಂತ ಮುಖ ಊದಿಸಿಕೊಂಡಿರಲಾಗುತ್ತದೆ? ಬಿಸಿ ರೊಟ್ಟಿಯ ಮುಂದೆ ನನ್ನ ಸಿಟ್ಟಿಗೆ ಅಂಥ ಆಯಸ್ಸಿರಲಿಲ್ಲ. ನಿಧಾನಕ್ಕೆ ಅವತ್ತಿನ ಬೆರಳಗಲದಲ್ಲಿ ಏನು ಕಂಡಿತು ಎಂದು ಹೇಳತೊಡಗಿದೆ. ಅವರು ಹಿಟ್ಟು ನಾದುತ್ತಾ ಕೇಳುತ್ತಿದ್ದರು.

ಕ್ರಿಸ್‌ಮಸ್ ರಜೆಯಲ್ಲಿ, ಕಾರಿಡಾರಿನಲ್ಲಿ ಒಂದು ನರಪಿಳ್ಳೆಯೂ ಇಲ್ಲದ ಮಧ್ಯಾಹ್ನ, ಮರಳಿನಿಂದ ಗೇಣು ದೂರದ ಕೆಸರಿನಲ್ಲಿ ಕಂದು ಬಣ್ಣದ ದಾರದಂಥದ್ದು ಕಂಡಿತು. ಕುಂಚದಲ್ಲಿ ಬಿಡಿಸುತ್ತಾ ಹೋದೆ. ಬೇರು. ಒಂದು ಕಡೆ ಕಡ್ಡಿಯಷ್ಟು ದಪ್ಪ, ಮುಂದೆ ಹೋದಂತೆ ಕವಲೊಡೆದು, ಕವಲು ಮತ್ತೆ ಕವಲಾಗಿ, ಕೊನೆಗೆ ಕೂದಲಿನಷ್ಟು ತೆಳ್ಳಗೆ. ಬೇರು ಕವಲೊಡೆಯುತ್ತಾ ಹೋಗುವುದು ಕೆಳಕ್ಕೆ. ಮೇಡಂ ಆಗಲೂ ಬಿಡಲಿಲ್ಲ. "ಅಳಿವೆ ಅಂಚಿನ ಕಾಂಡ್ಲಾ ಗಿಡದ ಉಸಿರುಬೇರು ಮೇಲಕ್ಕೆ ಏಳುತ್ತೆ, ಗೊತ್ತಲ್ಲ? ಸಸ್ಯಶಾಸ್ತ್ರದವರಿಗೆ ತೋರಿಸು." ಆ ವಿಭಾಗದವರು ಅಡ್ಡ ಕೊಯ್ದು ನೋಡಿ, ಇದು ಜೊಂಡುಹುಲ್ಲಿನ ಬೇರು, ಕೆಳಮುಖವಾಗಿಯೇ ಇಳಿದದ್ದು ಎಂದು ಬರೆದುಕೊಟ್ಟರು. ಬೇರು ತೋರಿಸಿದ ಬುಡವೂ ಮರಳು ತೋರಿಸಿದ ಬುಡವೂ ಒಂದೇ ಆಗಿತ್ತು. ಅಂದರೆ ಕಡಲು ಅಲ್ಲಿವರೆಗೂ ಬಂದಿತ್ತು. ಚಂಡಮಾರುತದ್ದೋ ಸುನಾಮಿಯದ್ದೋ ಹೇಳಲಾಗದು, ಬಂದದ್ದಂತೂ ನಿಜ.

ಈಗ ಒಂದು ಪ್ರಶ್ನೆ ಉಳಿಯಿತು. ಬಾಣ ಅಳಿಸಿಹೋದದ್ದನ್ನು ಪ್ರಬಂಧದಲ್ಲಿ ಬರೆಯಬೇಕೋ ಬೇಡವೋ? ಮೇಡಂ ಕಿಟಕಿಯ ಕಡೆ ನೋಡುತ್ತಾ ಹೇಳಿದರು. "ಬರೆದ್ರೆ ಕೇಳ್ತಾರೆ, ಚೆನ್ನಾಗಿ ಕೇಳ್ತಾರೆ. ಆ ಪೈಪನ್ನೇ ಒಪ್ಪದೇನೇ ಇರಬಹುದು. ಬರೀದಿದ್ರೆ ಯಾರಿಗೂ ತಿಳಿಯಲ್ಲ. ನಿನ್ನ ಹೆಸರಲ್ಲಿ ಹೋಗೋದು, ನೀನೇ ಯೋಚನೆ ಮಾಡು." ಆ ಮಾತಿಗೆ ನಾನು ಅವರಿಗೆ ಇವತ್ತಿಗೂ ಋಣಿ. ಬರೆ ಎಂದಿದ್ದರೆ ಅವರ ಭಯಕ್ಕೆ ಬರೆಯುತ್ತಿದ್ದೆ. ಎರಡು ದಿನ ಒದ್ದಾಡಿ ಬರೆದೆ. ಶಾಂತಕ್ಕನ ಹೆಸರು ಹಾಕಲಿಲ್ಲ, 'ಶೇಖರಣೆಯ ವೇಳೆ ಗುರುತುಗಳು ಅಳಿಸಿಹೋದವು' ಎಂದಷ್ಟೇ ಬರೆದೆ.

ಪ್ರಬಂಧ ಸಲ್ಲಿಸುವ ಮುನ್ನ ನಮ್ಮಲ್ಲಿ ಒಂದು ಬಹಿರಂಗ ಮಂಡನೆ ಇರುತ್ತಿತ್ತು. ಹೊರಗಿನಿಂದ ಒಬ್ಬ ತಜ್ಞರು ಬಂದು ಪ್ರಶ್ನೆ ಕೇಳುತ್ತಾರೆ. ಅವರು ಒಪ್ಪಿದರೆ ಮುಂದೆ, ಇಲ್ಲದಿದ್ದರೆ ಮತ್ತೆ ಮೊದಲಿಂದ. ಗೈಡ್ ಬಾಯಿ ಬಿಡುವ ಹಾಗಿಲ್ಲ. ಯಾರು ಬೇಕಾದರೂ ಬಂದು ಕೂತು ಕೇಳಬಹುದು. ನನ್ನದು ಮಾರ್ಚಿನಲ್ಲಿ ಬಂತು. ಹಾಲ್‌ಗೆ ಹೋಗಿ ನೋಡಿದರೆ ಹಿಂದಿನ ಸಾಲಿನಲ್ಲಿ ಇಳಕಲ್ ಸೀರೆಯುಟ್ಟು, ತಲೆಮೇಲೆ ಸೆರಗು ಹೊದ್ದು ಶಾಂತಕ್ಕ ಕೂತಿದ್ದಾರೆ.

"ನೀವ್ಯಾಕೆ ಬಂದ್ರಿ ಶಾಂತಕ್ಕ? ರೊಟ್ಟಿ?"

"ಇವತ್ತ ಅನ್ನ ಉಣ್ಲಿ ಎಲ್ಲಾರೂ. ನೀ ಹೋಗು, ನಿನ್ನ ಕೆಲಸ ನೋಡು."

ತಜ್ಞರು ಮಾತು ಕಡಿಮೆಯ, ಬಿಳಿ ಮೀಸೆಯ ಮನುಷ್ಯ. ನಾನು ಅರ್ಧ ಹೇಳುವಷ್ಟರಲ್ಲಿ ಕೈಯೆತ್ತಿ ನಿಲ್ಲಿಸಿದರು. ಅವರ ಬೆರಳು ನಾನು ಹೆದರಿದ್ದ ಪುಟದ ಮೇಲೆಯೇ ಇತ್ತು.

"ಗುರುತುಗಳು ಅಳಿಸಿಹೋದವು ಅಂತ ಬರೆದಿದೀರಿ. ತಾವಾಗೇ ಅಳಿಸಿಹೋಗ್ತವಾ?"

"ಇಲ್ಲ ಸಾರ್. ಶೇಖರಣೆಯಲ್ಲಿದ್ದಾಗ..."

"ಯಾರ ಸುಪರ್ದಿಯಲ್ಲಿತ್ತು? ಒಂದು ಬಾಣದ ಗುರುತು ಕಾಪಾಡಿಕೊಳ್ಳೋಕೆ ಆಗದವರ ಮಿಕ್ಕ ಕೆಲಸ ನಾವು ಹೇಗೆ ನಂಬೋದು?"

ನಾನು ಮೇಡಂ ಕಡೆ ನೋಡಿದೆ. ಅವರು ತಲೆ ತಗ್ಗಿಸಿ ಕೂತಿದ್ದರು. ಆಗ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿಯಿತು.

"ನಾನರೀ ಸರ. ನಾನ ಒರಸೀನಿ."

ಎಲ್ಲರೂ ತಿರುಗಿದರು. ಶಾಂತಕ್ಕ ಎದ್ದು ನಿಂತಿದ್ದರು.

"ಖಂಡೇಪೂಜಿ ದಿನ ಹತಾರ ಸ್ವಚ್ಛ ಇರಬೇಕಂತ ಸೀಮೆಎಣ್ಣಿ ಹಚ್ಚಿ ತಿಕ್ಕೀನ್ರಿ. ನನಗ ತಿಳೀಲಿಲ್ಲ. ತಪ್ಪು ನಂದು. ಅದನ್ನ ಆಕಿ ತಲಿಗೆ ಕಟ್ಟಬ್ಯಾಡ್ರಿ. ಆಕಿ ಬ್ಯಾರೇದವರ ಹೆಸರು ಹೇಳಾಕಿ ಅಲ್ಲ, ಅದಕ್ಕ ನಾ ಬಂದೀನಿ."

ಹೆತ್ತವರಲ್ಲ, ಬಳಗವಲ್ಲ. ಬಾಡಿಗೆ ಮನೆಯ ಒಡತಿ, ಅಷ್ಟು ಜನ ಓದಿದವರ ನಡುವೆ ತಾನಾಗಿ ಎದ್ದು ನಿಂತು ತಪ್ಪು ತನ್ನದೆನ್ನುತ್ತಿದ್ದರು. ತಜ್ಞರು ನನ್ನ ಕಡೆ ತಿರುಗಿದರು.

"ಈ ಸಾಲು ನೀವು ಬರೀದೇ ಇದ್ದಿದ್ರೆ ನನಗೆ ಗೊತ್ತಾಗ್ತಿತ್ತಾ?"

"ಇಲ್ಲ ಸಾರ್."

"ಬೇರು ತೋರಿಸಿ."

ಬೇರಿನ ಚಿತ್ರ ಪರದೆಯ ಮೇಲೆ ಬಂತು. ಅವರು ಎದ್ದು ಪರದೆಯ ಹತ್ತಿರ ಹೋದರು. ದಪ್ಪ ತುದಿಯಿಂದ ಹಿಡಿದು ಒಂದೊಂದು ಕವಲನ್ನೂ ಬೆರಳಿನಲ್ಲಿ ಹಿಂಬಾಲಿಸಿದರು. ಸಸ್ಯಶಾಸ್ತ್ರದವರ ಟಿಪ್ಪಣಿ ಓದಿದರು.

"ಕೆಳಕ್ಕೇ ಇಳಿದಿದೆ, ಅನುಮಾನ ಇಲ್ಲ" ಅಂದರು. "ಪೈಪನ್ನ ನಾನು ಒಪ್ತೀನಿ. ಮುಂದೆ ಹೇಳಿ." ಆಮೇಲೆ ಹಿಂದಿನ ಸಾಲಿನ ಕಡೆ ಕೈ ತೋರಿಸಿದರು. "ಅಮ್ಮ, ತಾವು ಕೂತ್ಕೊಳ್ಳಿ. ಇನ್ನೂ ಬಹಳ ಇದೆ."

"ಇರ್ಲಿರೀ ಸರ" ಅಂದರು ಶಾಂತಕ್ಕ. "ಆಕಿದು ಮುಗೀಲಿ."

ಕಡಲು ಬಂದದ್ದು, ಮರಳು ಬಿಟ್ಟುಹೋದದ್ದು, ಅದರ ಮೇಲೆ ಮತ್ತೆ ಕೆಸರು ಕೂತು ಗಜನಿಯಾದದ್ದು ಎಲ್ಲವನ್ನೂ ನಾನು ಹೇಳಿದೆ. ತಜ್ಞರ ಕಡೆ ನೋಡಿ ಹೇಳಬೇಕಿತ್ತು, ಪೂರ್ತಿ ಹಿಂದಿನ ಸಾಲಿನ ಕಡೆ ನೋಡಿಯೇ ಹೇಳಿದೆ. ಕೊನೆಯ ಚಿತ್ರ ಆರಿ ಹಾಲ್‌ನ ದೀಪ ಹತ್ತುವವರೆಗೂ ಶಾಂತಕ್ಕ ಕೂರಲಿಲ್ಲ.